ಪಿನ್ ಪಾರ್ವತಿ ದಾಟಿಸಿದವರ ಬಗ್ಗೆ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯನ್ನು ಸ್ಪಿತಿಯ ಪಿನ್ ಕಣಿವೆಯೊಂದಿಗೆ ಜೋಡಿಸುವ ಪಿನ್ ಪಾರ್ವತಿ ಪಾಸ್ ಸಮುದ್ರಮಟ್ಟದಿಂದ 5,319 ಮೀಟರ್ ಎತ್ತರದಲ್ಲಿದೆ. ಕಳೆದ ಸೆಪ್ಟೆಂಬರ್‌ನಲ್ಲಿ ನಾವು ಆರು ಮಂದಿ, ಕುಲ್ಲುವಿನ ಒಂದು ಸಣ್ಣ ಚಾರಣ ಸಂಸ್ಥೆಯ ನೆರವಿನಿಂದ, ಬರ್ಶೇನಿಯಲ್ಲಿ ನಡಿಗೆ ಆರಂಭಿಸಿ ಹನ್ನೆರಡನೆಯ ದಿನ ಮುದ್ ಗ್ರಾಮ ತಲುಪಿದೆವು. ಆ ಸಂಸ್ಥೆಯ ಸೇವೆ ಹೇಗಿತ್ತು, ಅದರಲ್ಲೂ ಹೊರಡುವ ಮೊದಲು ಅವರು ಮಾಡಿದ ಯೋಜನೆ ಹೇಗಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ಗಂಭೀರ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆದಿಲ್ಲ.

ಮೇ ತಿಂಗಳಲ್ಲಿ ಮೊದಲ ಬಾರಿ ಫೋನ್ ಮಾಡಿದಾಗ ಸಂಸ್ಥೆಯ ಮುಖ್ಯಸ್ಥರು ಶುಲ್ಕದ ಮಾತೆತ್ತಲಿಲ್ಲ. ನಾವು ಪ್ರತಿಯೊಬ್ಬರೂ ಅದುವರೆಗೆ ಎಷ್ಟು ಎತ್ತರದಲ್ಲಿ ರಾತ್ರಿ ಕಳೆದಿದ್ದೇವೆ, ಆಗ ತಲೆನೋವು ಅಥವಾ ವಾಂತಿ ಕಾಣಿಸಿಕೊಂಡಿತ್ತೇ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇವೆಯೇ, ಸಲ್ಫಾ ಔಷಧಿಗಳಿಗೆ ಅಲರ್ಜಿ ಇದೆಯೇ ಎಂದು ಒಬ್ಬೊಬ್ಬರನ್ನೇ ವಿಚಾರಿಸಿ ಬರೆದುಕೊಂಡರು. ನಮ್ಮಲ್ಲಿ ಒಬ್ಬರು 4,000 ಮೀಟರ್ ಎತ್ತರವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವರು ಜೂನ್ ಕೊನೆಯಲ್ಲಿ 4,270 ಮೀಟರಿನ ಹಂಪ್ತಾ ಪಾಸ್ ದಾಟಿ, ಅಲ್ಲಿ ದೇಹ ಹೇಗೆ ವರ್ತಿಸಿತೆಂದು ತಿಳಿಸಿದ ಮೇಲಷ್ಟೇ ಅವರ ಹೆಸರನ್ನು ಪಟ್ಟಿಗೆ ಸೇರಿಸಿದರು. ಅದೇ ವಾರ ನಾವು ವಿಚಾರಿಸಿದ್ದ ಇನ್ನೆರಡು ಸಂಸ್ಥೆಗಳು ವಯಸ್ಸು, ತೂಕ ಮತ್ತು ಐದು ಕಿಲೋಮೀಟರ್ ಓಡುವ ವೇಗವನ್ನಷ್ಟೇ ಕೇಳಿದ್ದವು. ಓಡುವ ಶಕ್ತಿ ಇಂಥ ಚಾರಣಕ್ಕೆ ಬೇಕು ನಿಜ. ಆದರೆ ಆಮ್ಲಜನಕ ಕಡಿಮೆಯಿರುವ ಎತ್ತರಕ್ಕೆ ದೇಹ ಒಗ್ಗದಿದ್ದಾಗ ಬರುವ ಎತ್ತರದ ಕಾಯಿಲೆ ಚೆನ್ನಾಗಿ ಓಡುವವರನ್ನೂ ಬಿಡುವುದಿಲ್ಲ.

ಒಂದು ವಾರದ ನಂತರ ಅವರು ಕಳುಹಿಸಿದ ಯೋಜನಾ ಪತ್ರವೇ ನಮ್ಮ ಆಯ್ಕೆಯನ್ನು ನಿರ್ಧರಿಸಿತು. ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬುದನ್ನು ಅದರಲ್ಲಿ ಎದ್ದು ಕಾಣುವಂತೆ ಬರೆದಿದ್ದರು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಎತ್ತರ ಏರದೆ ವಿಶ್ರಮಿಸಬೇಕು ಎಂಬುದು ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ಸೂತ್ರ. ಪಿನ್ ಪಾರ್ವತಿ ದಾರಿಯ ಮೊದಲಾರ್ಧ ಈ ಸೂತ್ರಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಖೀರ್‌ಗಂಗಾ ಸುಮಾರು 2,960 ಮೀಟರ್, ಟುಂಡಾ ಭುಜ್ ಸುಮಾರು 3,300, ಠಾಕುರ್ ಕುವಾ ಸುಮಾರು 3,550. ಏರಿಕೆ ನಿಧಾನವಾಗಿಯೇ ಸಾಗುತ್ತದೆ. ತೊಡಕು ಶುರುವಾಗುವುದು ಸುಮಾರು 4,100 ಮೀಟರಿನ ಮಂತಲಾಯ್ ಸರೋವರ ತಲುಪಿದ ಮೇಲೆ. ಹಲವು ತಂಡಗಳು ಅಲ್ಲಿಂದ ಒಂದೇ ದಿನಕ್ಕೆ ಏಳೆಂಟು ನೂರು ಮೀಟರ್ ಏರಿ ಪಾಸ್‌ನ ಬುಡದಲ್ಲಿ ಡೇರೆ ಹಾಕಿ, ಮರುದಿನವೇ ಪಾಸ್ ದಾಟುತ್ತವೆ. ನಮ್ಮ ಪತ್ರದಲ್ಲಿ ಮಂತಲಾಯ್‌ನಲ್ಲಿ ಒಂದು ವಿಶ್ರಾಂತಿ ದಿನ, ಪಾಸ್‌ನ ಬುಡಕ್ಕೆ ಮುಂಚೆ ನಡುವೆ ಒಂದು ಶಿಬಿರ, ಇವುಗಳ ಮೇಲೆ ಎಲ್ಲಿ ಬೇಕಾದರೂ ಬಳಸಬಹುದಾದ ಒಂದು ಮೀಸಲು ದಿನ ಇದ್ದವು. ಉಳಿದ ಸಂಸ್ಥೆಗಳು ಒಂಬತ್ತು ಅಥವಾ ಹತ್ತು ದಿನಗಳಲ್ಲಿ ಮುಗಿಸುವುದನ್ನು ಇವರು ಹನ್ನೆರಡು ದಿನಗಳಿಗೆ ಹರಡಿದ್ದರು. ಶುಲ್ಕವೂ ಅದಕ್ಕೆ ತಕ್ಕಂತೆ ಸುಮಾರು ಕಾಲುಭಾಗ ಹೆಚ್ಚಿತ್ತು.

ಆ ಎರಡು ದಿನಗಳು ಅಗತ್ಯವೇ ಎಂದು ನಮ್ಮೊಳಗೇ ಚರ್ಚೆಯಾಯಿತು. ನಾವು ಹತ್ತಿ ಅಭ್ಯಾಸವಿರುವ ಬೆಟ್ಟಗಳಲ್ಲಿ ಅತಿ ಎತ್ತರದ್ದಾದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ಪಿನ್ ಪಾರ್ವತಿ ಚಾರಣ ಆರಂಭವಾಗುವ ಬರ್ಶೇನಿಯೇ ಅದಕ್ಕಿಂತ ಎತ್ತರದಲ್ಲಿದೆ. ಪಾಸ್‌ನ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು, ಆಮ್ಲಜನಕ ಸಿಗುವುದೂ ಅಷ್ಟೇ ಪ್ರಮಾಣದಲ್ಲಿ. ಬಯಲಿನಿಂದ ಅವಸರವಾಗಿ ಹಿಮಾಲಯಕ್ಕೆ ಸಾಗಿಸಲಾದ ಸೈನಿಕರಲ್ಲಿ ಕಂಡುಬಂದ ಎತ್ತರದ ಕಾಯಿಲೆಯ 1,925 ಪ್ರಕರಣಗಳನ್ನು ಭಾರತೀಯ ಸೇನಾ ವೈದ್ಯರು 1969ರಲ್ಲಿ ಪ್ರಕಟಿಸಿದ್ದರು. ಆ ಸೈನಿಕರು ಗಟ್ಟಿಮುಟ್ಟಾದ ತರುಣರಾಗಿದ್ದರು. ಇದನ್ನು ಓದಿದ ಮೇಲೆ ನಮ್ಮ ಚರ್ಚೆ ಅಲ್ಲಿಗೇ ನಿಂತಿತು. ಹೆಚ್ಚಿನ ಹಣಕ್ಕೆ ಎಲ್ಲರೂ ಒಪ್ಪಿದೆವು.

ಸೆಪ್ಟೆಂಬರ್‌ನ ಎರಡನೆಯ ವಾರವನ್ನು ಆರಿಸಿದ್ದೂ ಅವರೇ, ಅದಕ್ಕೆ ಕಾರಣವನ್ನೂ ವಿವರಿಸಿದ್ದರು. ಪಾರ್ವತಿ ಕಣಿವೆ ಮುಂಗಾರಿಗೆ ಪೂರ್ತಿ ಒಡ್ಡಿಕೊಂಡಿದೆ, ಪಿನ್ ಕಣಿವೆಯಾದರೋ ಮಳೆನೆರಳಿನ ಶೀತ ಮರುಭೂಮಿ. 2023ರ ಜುಲೈನಲ್ಲಿ ಕುಲ್ಲು ಜಿಲ್ಲೆ ಕಂಡ ಪ್ರವಾಹವನ್ನು ನೆನಪಿಸಿಕೊಂಡರೆ, ಮಳೆ ತಗ್ಗುವವರೆಗೆ ಕಾಯುವುದು ಏಕೆಂದು ಯಾರಿಗೂ ಹೇಳಬೇಕಾಗಿಲ್ಲ. ಸೆಪ್ಟೆಂಬರ್ ಕಳೆದರೆ ಹೊಸ ಹಿಮ ಬಿದ್ದು ಹಿಮನದಿಯ ಬಿರುಕುಗಳನ್ನು ಮುಚ್ಚಿಬಿಡುವ ಭಯವಿರುತ್ತದೆ. ಅರಣ್ಯ ಇಲಾಖೆಯ ಅನುಮತಿ, ಪೊಲೀಸರಲ್ಲಿ ಹೆಸರು ನೋಂದಾಯಿಸುವುದು ಮುಂತಾದ ಕಾಗದಪತ್ರದ ಕೆಲಸವನ್ನು ಅವರೇ ಮುಗಿಸಿದರು. ನಮ್ಮಲ್ಲೊಬ್ಬರು ವಿದೇಶದಿಂದ ತರಿಸಿದ್ದ ಉಪಗ್ರಹ ಸಂದೇಶ ಸಾಧನವನ್ನು ಮನೆಯಲ್ಲೇ ಬಿಟ್ಟುಬರುವಂತೆ ಖಡಾಖಂಡಿತವಾಗಿ ಹೇಳಿದ್ದು ಒಳ್ಳೆಯದೇ ಆಯಿತು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತದಲ್ಲಿ ಬಳಸುವುದು ಅಪರಾಧ ಎಂಬುದು ನಮಗೆ ಗೊತ್ತಿರಲಿಲ್ಲ.

ವಿಮೆಯ ವಿಷಯದಲ್ಲಿ ಮಾತ್ರ ಅವರು ಎಡವಿದರು. ನಾವು ಕೊಂಡಿದ್ದ ಪಾಲಿಸಿ ನಿರ್ದಿಷ್ಟ ಎತ್ತರದ ಮೇಲಿನ ಚಾರಣಕ್ಕೆ ಅನ್ವಯವಾಗುವುದಿಲ್ಲ ಎಂಬುದನ್ನು ಅವರು ಗಮನಿಸಿ ತಿಳಿಸಿದ್ದು ಹೊರಡಲು ಹತ್ತು ದಿನವಿದ್ದಾಗ. ಪಾಲಿಸಿಯ ಪ್ರತಿ ಜುಲೈನಿಂದಲೇ ಅವರ ಕೈಯಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಪಾಲಿಸಿ ಹುಡುಕಿ ಎರಡನೆಯ ಸಲ ಹಣ ಕಟ್ಟಬೇಕಾಯಿತು.

ನಡಿಗೆಯ ಮೊದಲ ದಿನಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಖೀರ್‌ಗಂಗಾದ ಬಿಸಿನೀರಿನ ಬುಗ್ಗೆಯವರೆಗೆ ಜನಸಂದಣಿ ಇರುತ್ತದೆ, ಅದರಾಚೆ ಕುರಿಗಾಹಿಗಳನ್ನು ಬಿಟ್ಟರೆ ಯಾರೂ ಸಿಗಲಿಲ್ಲ. ಭೀಮ ಇಟ್ಟನೆಂದು ಸ್ಥಳೀಯರು ನಂಬುವ, ಹೆಬ್ಬಂಡೆಗಳೇ ಸೇತುವೆಯಾಗಿರುವ ಪಾಂಡು ಪುಲ್ ದಾಟುವಾಗ ಗೈಡ್ ಒಬ್ಬೊಬ್ಬರಿಗೂ ಹಗ್ಗ ಕಟ್ಟಿಯೇ ಕಳುಹಿಸಿದರು. ಹಿಮ ಕರಗಿ ತುಂಬುವ ಹಳ್ಳಗಳನ್ನು ನೀರು ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲೇ ದಾಟುವಂತೆ ಪ್ರತಿದಿನದ ಹೊರಡುವ ಸಮಯವನ್ನು ಗೊತ್ತುಪಡಿಸಿದ್ದರು. ಊಟ ಸರಳವಾಗಿತ್ತು, ಬಿಸಿಯಾಗಿತ್ತು, ಸಾಕಷ್ಟಿತ್ತು.

ಮಂತಲಾಯ್‌ನಲ್ಲಿ ಕಳೆದ ಮೂರು ರಾತ್ರಿಗಳ ಬಗ್ಗೆ ಮಾತ್ರ ವಿವರವಾಗಿ ಬರೆಯಲೇಬೇಕು. ಪಾರ್ವತಿ ನದಿ ಹುಟ್ಟುವ ಆ ಬಯಲಿಗೆ ತಲುಪಿದ ಸಂಜೆ ನಮ್ಮ ತಂಡದ ಹಿರಿಯ ಸದಸ್ಯೆಗೆ ತಲೆನೋವು ಶುರುವಾಯಿತು, ರಾತ್ರಿ ಎರಡು ಬಾರಿ ವಾಂತಿಯಾಯಿತು. ಅವರು ಇದನ್ನು ಅಜೀರ್ಣವೆಂದು ಹೇಳಿ ತೇಲಿಸಲು ನೋಡಿದರು. ಗೈಡ್ ಅದನ್ನು ಒಪ್ಪಲಿಲ್ಲ. ಎತ್ತರದಲ್ಲಿ ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆತಿರುಗು ಇವುಗಳಲ್ಲಿ ಯಾವುದಿದ್ದರೂ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಎಂದೇ ನೋಡಬೇಕು ಎಂದರು. ಪಲ್ಸ್ ಆಕ್ಸಿಮೀಟರಿನಲ್ಲಿ ಆಕೆಯ ಆಮ್ಲಜನಕದ ಪ್ರಮಾಣ ನಮ್ಮೆಲ್ಲರಿಗಿಂತ ತುಸು ಕಡಿಮೆ ಇತ್ತು. ಆದರೂ ಗೈಡ್ ಆ ಅಂಕಿಯೊಂದನ್ನೇ ನೆಚ್ಚಲಿಲ್ಲ. ಹಿಮ್ಮಡಿಗೆ ಬೆರಳು ತಾಗುವಂತೆ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ನಡೆಯಲು ಹೇಳಿ, ತೂರಾಡುತ್ತಾರೆಯೇ ಎಂದು ನೋಡಿದರು. ತೂರಾಟ ಮಿದುಳು ಬಾತಿರುವುದರ ಲಕ್ಷಣ. ಕುಳಿತಿರುವಾಗಲೂ ಏದುಸಿರು ಬರುತ್ತಿದೆಯೇ, ಕೆಮ್ಮು ಇದೆಯೇ ಎಂದು ವಿಚಾರಿಸಿದರು, ಏಕೆಂದರೆ ಅವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ. ಎರಡೂ ಇರಲಿಲ್ಲ. ಎತ್ತರಕ್ಕೆ ಒಗ್ಗಿಕೊಳ್ಳಲು ನೆರವಾಗುವ, ವೈದ್ಯರು ಮೊದಲೇ ಬರೆದುಕೊಟ್ಟಿದ್ದ ಅಸೆಟಜೋಲಮೈಡ್ ಮಾತ್ರೆಯನ್ನು ಕೊಟ್ಟು, ರಾತ್ರಿ ಎರಡು ಗಂಟೆಗೊಮ್ಮೆ ಡೇರೆಗೆ ಬಂದು ಎಬ್ಬಿಸಿ ಮಾತನಾಡಿಸಿ ಹೋದರು.

ಮರುದಿನ ವಿಶ್ರಾಂತಿ ದಿನ. ಅಂದು ತಲೆನೋವು ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಗೈಡ್ ಯಾವ ಚರ್ಚೆಗೂ ಅವಕಾಶ ಕೊಡದೆ ಮೀಸಲು ದಿನವನ್ನೂ ಅಲ್ಲಿಯೇ ಬಳಸುವುದಾಗಿ ಘೋಷಿಸಿದರು. ಅಷ್ಟಾಗಿಯೂ ಗುಣವಾಗದಿದ್ದರೆ ಇಬ್ಬರು ಸಹಾಯಕರೊಂದಿಗೆ ಆಕೆ ಬಂದ ದಾರಿಯಲ್ಲೇ ಕೆಳಗಿಳಿಯಬೇಕೆಂದೂ, ಅದಕ್ಕೆ ಬೇಕಾದ ಡೇರೆ ಮತ್ತು ಆಹಾರವನ್ನು ಪ್ರತ್ಯೇಕವಾಗಿ ಕಟ್ಟಿಡಲಾಗಿದೆಯೆಂದೂ ತಿಳಿಸಿದರು. ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಹಿಂದಿರುಗುವ ಸಾಧ್ಯತೆಯನ್ನು ಅವರು ಬರ್ಶೇನಿಯಲ್ಲೇ ತೂಕ ಹಾಕಿ, ಅದಕ್ಕಾಗಿ ಇಬ್ಬರು ಹೆಚ್ಚಿನ ಸಹಾಯಕರನ್ನು ಕರೆತಂದಿದ್ದರು. ಮೂರನೆಯ ಬೆಳಿಗ್ಗೆ ಆಕೆ ಹಸಿವಾಗುತ್ತಿದೆ ಎಂದರು. ಆ ದಿನ ನಾವು ಮುಂದೆ ಹೊರಟೆವು. ಒಂಬತ್ತು ದಿನಗಳ ಯೋಜನೆಯ ತಂಡದಲ್ಲಿದ್ದಿದ್ದರೆ ಆಕೆ ಒಂದೋ ನೋವು ಮುಚ್ಚಿಟ್ಟು ಮೇಲೇರುತ್ತಿದ್ದರು, ಇಲ್ಲವೇ ಚಾರಣವನ್ನು ಅಲ್ಲಿಗೇ ಕೈಬಿಡುತ್ತಿದ್ದರು. ನಾವು ಕೊಟ್ಟ ಹೆಚ್ಚಿನ ಶುಲ್ಕ ಈ ಎರಡು ದಿನಗಳಿಗೆ ಸಂದಿತು, ಅದರಲ್ಲಿ ಒಂದು ರೂಪಾಯಿಯೂ ಹೆಚ್ಚಾಯಿತೆಂದು ನನಗೆ ಅನ್ನಿಸುವುದಿಲ್ಲ.

ಪಾಸ್ ದಾಟುವ ದಿನ ನಸುಕಿನ ಮೂರೂವರೆಗೆ ಹೊರಟೆವು. ಬಿಸಿಲೇರಿದರೆ ಹಿಮ ಮೆತ್ತಗಾಗಿ ಬಿರುಕುಗಳ ಮೇಲಿನ ಹೊದಿಕೆ ಕುಸಿಯುವ ಅಪಾಯವಿರುತ್ತದೆ. ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ನಡುವೆ ಅಂತರವಿಟ್ಟು, ಮುಂದೆ ಗೈಡ್ ಕೋಲಿನಿಂದ ಹಿಮವನ್ನು ಚುಚ್ಚಿ ನೋಡುತ್ತ ನಡೆಸಿದರು. ಹಗ್ಗ ಸಡಿಲವಾಗದಂತೆ ನಡೆಯುವುದನ್ನು ಹಿಂದಿನ ಮಧ್ಯಾಹ್ನ ಎರಡು ಗಂಟೆ ಅಭ್ಯಾಸ ಮಾಡಿಸಿದ್ದರು. 1884ರಲ್ಲಿ ಸ್ಪಿತಿಗೆ ಬೇರೊಂದು ದಾರಿ ಹುಡುಕುತ್ತ ಬ್ರಿಟಿಷ್ ಅಧಿಕಾರಿ ಲೂಯಿ ಡೇನ್ ದಾಟಿದ್ದ ಈ ಪಾಸ್‌ನ ಮೇಲೆ ನಾವು ನಿಂತದ್ದು ಹದಿನೈದೇ ನಿಮಿಷ. ಒಂದು ಕಡೆ ಮೋಡ ಮುಸುಕಿದ ಹಿಮರಾಶಿ, ಇನ್ನೊಂದು ಕಡೆ ಮರವೇ ಇಲ್ಲದ ಕಂದು ನೇರಳೆ ಬೆಟ್ಟಗಳ ಸಾಲು. ಅಲ್ಲಿಂದ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನದ ಮೂಲಕ ಮುದ್ ಗ್ರಾಮದವರೆಗಿನ ಇಳಿಜಾರು ದೀರ್ಘವಾದರೂ ಕಷ್ಟವೆನಿಸಲಿಲ್ಲ.

ಇನ್ನು ದೂರುಗಳು. ಹಿಮನದಿಯ ಮೇಲೆ ಹೇಸರಗತ್ತೆಗಳು ನಡೆಯಲಾರವು, ಆದ್ದರಿಂದ ಡೇರೆ, ಸೀಮೆಎಣ್ಣೆ, ಅಡುಗೆ ಸಾಮಾನು ಎಲ್ಲವೂ ಪೋರ್ಟರುಗಳ ಬೆನ್ನ ಮೇಲೆಯೇ ಸಾಗುತ್ತವೆ. ನಮಗೆ ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟಿಕೊಳ್ಳುವ ಮೊಳೆಗಳನ್ನು ಒದಗಿಸಿದ್ದ ಸಂಸ್ಥೆ ಅವರಿಗೆ ಒದಗಿಸಿರಲಿಲ್ಲ. ಮೂವರು ಪೋರ್ಟರುಗಳು ರಬ್ಬರ್ ಗಂಬೂಟಿನಲ್ಲೇ ಪಾಸ್ ದಾಟಿದರು, ಒಬ್ಬನಿಗೆ ಕಪ್ಪು ಕನ್ನಡಕವೂ ಇರಲಿಲ್ಲ. ಆ ಎತ್ತರದ ಹಿಮದಲ್ಲಿ ಕೆಲವೇ ಗಂಟೆಗಳ ಬಿಸಿಲು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ನಮ್ಮಲ್ಲಿದ್ದ ಹೆಚ್ಚುವರಿ ಕನ್ನಡಕವನ್ನು ಕೊಟ್ಟೆವು. ಇದು ನಮ್ಮ ಔದಾರ್ಯಕ್ಕೆ ಬಿಡಬೇಕಾದ ವಿಷಯವಾಗಿರಲಿಲ್ಲ. ನಮ್ಮ ಆರೋಗ್ಯದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಸಂಸ್ಥೆ ತನ್ನ ಹೊರೆ ಹೊರುವವರ ಬಗ್ಗೆ ಹೀಗೆ ನಡೆದುಕೊಂಡಿದ್ದು ನನಗೆ ಬೇಸರ ತಂದಿದೆ. ಮುಂಗಡ ಕೊಡುವ ಮೊದಲು ನಾವೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ.

ಸ್ಲೀಪಿಂಗ್ ಬ್ಯಾಗುಗಳಲ್ಲಿ ಎರಡು ಹಳತಾಗಿ ಒಳಗಿನ ತುಪ್ಪುಳು ಗಂಟುಕಟ್ಟಿದ್ದವು, ಮೇಲಿನ ಶಿಬಿರದಲ್ಲಿ ಅವುಗಳೊಳಗೆ ಮಲಗಿದವರಿಗೆ ನಿದ್ದೆ ಬರಲಿಲ್ಲ. ಮುದ್‌ನಿಂದ ಕಾಜಾಕ್ಕೆ ಕರೆದೊಯ್ಯಬೇಕಿದ್ದ ವಾಹನ ಐದು ಗಂಟೆ ತಡವಾಗಿ ಬಂದದ್ದರಿಂದ, ಕುಂಜುಮ್ ಪಾಸ್ ದಾಟಿ ಮನಾಲಿ ಸೇರುವ ಪ್ರಯಾಣವನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಕಾಜಾದ ವಸತಿಯ ಖರ್ಚನ್ನು ನಾವು ಕೇಳದೆಯೇ ಸಂಸ್ಥೆ ಭರಿಸಿತು.

ಈ ದಾರಿಗೆ ಯಾವುದೇ ಸಂಸ್ಥೆಯನ್ನು ಆರಿಸುವವರು ಪ್ರತಿ ರಾತ್ರಿಯ ಎತ್ತರವನ್ನು, ಮೀಸಲು ದಿನವನ್ನು, ಒಬ್ಬರು ಹಿಂದಿರುಗಬೇಕಾದಾಗ ಜೊತೆಗೆ ಯಾರು ಹೋಗುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಪೋರ್ಟರುಗಳ ಬೂಟು, ಕನ್ನಡಕ, ವಿಮೆಯ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಬೇಕು. ಮರಳಿದ ವಾರವೇ ನಾನು ಈ ಕೊನೆಯ ವಿಷಯವನ್ನು ಸಂಸ್ಥೆಗೆ ವಿವರವಾಗಿ ಬರೆದೆ. ಮುಂದಿನ ಋತುವಿಗೆ ಮುನ್ನ ಎಲ್ಲ ಪೋರ್ಟರುಗಳಿಗೂ ಬೂಟು ಮತ್ತು ಕನ್ನಡಕ ಕೊಡಿಸುವುದಾಗಿ ಅವರು ಉತ್ತರಿಸಿದ್ದಾರೆ. ಇದೇ ಗೈಡ್ ಜೊತೆ ಇನ್ನೊಂದು ಕಣಿವೆಗೆ ಹೋಗುವ ಆಸೆ ನಮ್ಮ ಆರು ಮಂದಿಗೂ ಇದೆ. ಕೊಡಿಸಿದ್ದಾರೆಂಬುದು ಖಚಿತವಾದ ಮೇಲೆ ಮುಂಗಡ ಕಳುಹಿಸುತ್ತೇವೆ.