ರಿಟೈರ್ ಆದಮೇಲೆ ಯಾವ ಆರೋಗ್ಯ ವಿಮೆ? ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅನಿಸಿಕೆ

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಯಶವಂತಪುರದ ಕಡೆ ಕೆಲಸಕ್ಕೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಖಾಸಗಿ ಕೆಲಸ ಮುಗಿದರೆ ಕಂಪನಿಯ ಗ್ರೂಪ್ ವಿಮೆಯೂ ಮುಗಿದಂತೆ. ರಿಟೈರ್ ಆಗುವ ಮುಂಚೆಯೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬಂದವು, ನನ್ನ ಶುಗರ್‌ಗೆ ಮತ್ತೆ ಕಾಯುವ ಅವಧಿ (ಆ ಕಾಯಿಲೆಯ ಖರ್ಚನ್ನು ವಿಮೆ ಕೊಡದ ಸಮಯ) ಬೀಳಲಿಲ್ಲ. ಹೊಸದಾಗಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಅದು 4 ವರ್ಷ ಇತ್ತು.

ಏಜೆಂಟರು ಮೊದಲು ತೋರಿಸಿದ್ದು ಹಿರಿಯ ನಾಗರಿಕರ ಪಾಲಿಸಿ. ಪ್ರೀಮಿಯಂ ಕಮ್ಮಿ, ಆದರೆ ಶೇ. 20 ಕೋ-ಪೇ, ಅಂದರೆ ಬಿಲ್ಲಿನಲ್ಲಿ ಅಷ್ಟು ಪಾಲು ನಮ್ಮದು. 2 ಲಕ್ಷ ಬಿಲ್ ಆದರೆ 40,000 ನಮ್ಮ ಕೈಯಿಂದಲೇ ಹೋಗಬೇಕು. ಇಪಿಎಫ್ ಪಿಂಚಣಿ ನಂಬಿ ಬದುಕುವವರಿಗೆ ಅದೇನು ಸಣ್ಣ ದುಡ್ಡಾ? ರೂಮ್ ಬಾಡಿಗೆಯ ಮಿತಿ ಇನ್ನೂ ಕೆಟ್ಟದ್ದು. ದಿನಕ್ಕೆ 5,000 ಮಿತಿ ಇದ್ದು, 8,000ದ ರೂಮು ಸಿಕ್ಕಿತು ಅಂದುಕೊಳ್ಳಿ. ನೀವು ಕಟ್ಟೋದು ಬರೀ ಬಾಡಿಗೆಯ ವ್ಯತ್ಯಾಸ ಅಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಅವೆಲ್ಲ ಸೇರಿ 80,000 ಆದರೆ 50,000 ಮಾತ್ರ ಬರುತ್ತದೆ. ಔಷಧಿ, ಇಂಪ್ಲಾಂಟ್, ಐಸಿಯುಗೆ ಈ ಕತ್ತರಿ ಇಲ್ಲ, ಅಷ್ಟೇ ಸಮಾಧಾನ.

ಕೊನೆಗೆ ನನಗೂ ಮನೆಯವರಿಗೂ ಬೇರೆ ಬೇರೆ 5 ಲಕ್ಷದ ಪಾಲಿಸಿ ಇಟ್ಟುಕೊಂಡೆವು. ಕೋ-ಪೇ ಇಲ್ಲ, ಬಾಡಿಗೆ ಮಿತಿ ಇಲ್ಲ. ಇಬ್ಬರಿಗೂ ಸೇರಿ ಒಂದೇ ಮೊತ್ತ ಇರುವ ಫ್ಲೋಟರ್ ಬೇಡ ಅಂದೆ. ಒಬ್ಬರಿಗೆ ದೊಡ್ಡ ಆಪರೇಷನ್ ಆದ ವರ್ಷವೇ ಇನ್ನೊಬ್ಬರು ಹಾಸಿಗೆ ಹಿಡಿದರೆ ಹಂಚಿಕೊಳ್ಳಲು ಏನು ಉಳಿಯುತ್ತದೆ? ಅದರ ಮೇಲೆ ಸೂಪರ್ ಟಾಪ್-ಅಪ್ ಅನ್ನೋ ಹೆಚ್ಚುವರಿ ಪಾಲಿಸಿ. ವರ್ಷದ ಒಟ್ಟು ಬಿಲ್ಲು 5 ಲಕ್ಷ ದಾಟಿದ ಮೇಲೆ ಅದು ಕೊಡಲು ಶುರು ಮಾಡುತ್ತದೆ. ಬರೀ ಟಾಪ್-ಅಪ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಬಿಲ್ಲೂ ಬೇರೆ ಬೇರೆಯಾಗಿ ಆ ಗೆರೆ ದಾಟಬೇಕು. ಈ ವ್ಯತ್ಯಾಸವನ್ನು ಯಾರೂ ತಾವಾಗಿ ಹೇಳಲ್ಲ, ಕೇಳಿ ತಿಳಿದುಕೊಳ್ಳಬೇಕು.

ಮನೆಯವರ ಪಿತ್ತಕೋಶದ ಆಪರೇಷನ್ ಇಲ್ಲೇ ಊರಲ್ಲಿ ಕ್ಯಾಶ್‌ಲೆಸ್ ಆಯಿತು. ಗ್ಲೌಸು, ಫೈಲ್ ಚಾರ್ಜು ಅಂತ ಚಿಲ್ಲರೆ ಕಟ್ಟಿದ್ದು ಬಿಟ್ಟರೆ ಕೈಯಿಂದ ಏನೂ ಹೋಗಲಿಲ್ಲ. ಬೇಜಾರಾಗಿದ್ದು ಡಿಸ್ಚಾರ್ಜ್ ದಿನ. ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ನಿಯಮದ ಪ್ರಕಾರ ವಿಮಾ ಕಂಪನಿಯ ಕೊನೆಯ ಒಪ್ಪಿಗೆ 3 ಗಂಟೆಯೊಳಗೆ ಬರಬೇಕು. ನಾವು ಬ್ಯಾಗ್ ಕಟ್ಟಿಕೊಂಡು ಸಂಜೆವರೆಗೂ ಕೂತಿದ್ದೆವು.

ಪ್ರೀಮಿಯಂ ಏರುತ್ತಲೇ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಜಿಎಸ್‌ಟಿ ಹೋಗಿದ್ದು ದೊಡ್ಡ ಉಪಕಾರ. 60 ದಾಟಿದವರಿಗೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಮಾತಾಡಬೇಕು. ಈಗಿನ ಕಂಪನಿ ಬೇಡ ಅನ್ನಿಸಿದವರು ರಿನ್ಯೂವಲ್‌ಗೆ 45 ದಿನ ಮುಂಚೆಯೇ ಪೋರ್ಟ್ ಅರ್ಜಿ (ಬೇರೆ ಕಂಪನಿಗೆ ಪಾಲಿಸಿ ಬದಲಾಯಿಸುವ ಅರ್ಜಿ) ಹಾಕಿ. ನಾವಂತೂ ಸದ್ಯಕ್ಕೆ ಬದಲಾಯಿಸುತ್ತಿಲ್ಲ.