ಬುಲಿಮಿಯಾಗೆ ಕನ್ನಡದಲ್ಲೇ ಕೌನ್ಸೆಲಿಂಗ್ ತಗೊಂಡೆ, ಏಳು ತಿಂಗಳಾದ್ಮೇಲೆ ರಿವ್ಯೂ

ಬೆಂಗಳೂರಲ್ಲಿ ಬಸವನಗುಡಿ ಕಡೆ ಇರೋ ಒಂದು ಚಿಕ್ಕ ಕೌನ್ಸೆಲಿಂಗ್ ಸೆಂಟರ್ ಬಗ್ಗೆ ಬರೀತಿದೀನಿ. ಇಬ್ಬರೇ ಮೇಡಂ ಇರೋ ಜಾಗ, ಅವರ ಪ್ರೈವೆಸಿಗೋಸ್ಕರ ಹೆಸರು ಹಾಕ್ತಿಲ್ಲ. ಆದ್ರೆ ಅಲ್ಲಿ ಏನ್ ಮಾಡ್ತಾರೆ ಅನ್ನೋದನ್ನ ಬರೀಲೇಬೇಕು ಅನ್ಸ್ತು, ಯಾಕಂದ್ರೆ ನಾನು ಹುಡುಕ್ತಿದ್ದಾಗ ಕನ್ನಡದಲ್ಲಿ ಇದರ ಬಗ್ಗೆ ಒಂದು ಸಾಲೂ ಸಿಕ್ಕಿರ್ಲಿಲ್ಲ.

ನಂಗೆ ಐದು ವರ್ಷದಿಂದ ಬುಲಿಮಿಯಾ. ದಿನ ಪೂರ್ತಿ ಏನೂ ತಿನ್ನದೇ ಇರೋದು, ರಾತ್ರಿ ಎಲ್ರೂ ಮಲಗಿದ್ಮೇಲೆ ಕೈಗೆ ಸಿಕ್ಕಿದ್ದೆಲ್ಲ ತಿನ್ನೋದು, ಆಮೇಲೆ ವಾಂತಿ. ತೂಕ ಅಷ್ಟೇನೂ ಬದಲಾಗ್ದೇ ಇದ್ದಿದ್ರಿಂದ ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಮೊದ್ಲು ಒಂದು ಆನ್‌ಲೈನ್ ಆ್ಯಪಲ್ಲಿ ಇಂಗ್ಲಿಷಲ್ಲಿ ನಾಲ್ಕು ಸೆಷನ್ ತಗೊಂಡಿದ್ದೆ. ಪ್ರತಿ ಸಲ ಹೇಗನ್ಸ್ತಿದೆ ಅಂತ ಕೇಳೋರು, ನಾನು ಪ್ರತಿ ಸಲ ಸ್ಟ್ರೆಸ್ ಅನ್ನೋಳು, ಅಲ್ಲಿಗೆ ಮುಗೀತಿತ್ತು. ಸುಳ್ಳು ಹೇಳ್ತಿರ್ಲಿಲ್ಲ ನಾನು, ನಿಜವಾಗ್ಲೂ ನಂಗೆ ಅಷ್ಟೇ ಗೊತ್ತಾಗ್ತಿದ್ದಿದ್ದು.

ಇಲ್ಲಿ ಮೊದಲನೇ ದಿನ ಮೇಡಂ 20 ಪ್ರಶ್ನೆ ಇರೋ ಒಂದು ಫಾರ್ಮ್ ತಗೊಂಡು ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಕೇಳಿದ್ರು. ನಿಮಗೆ ಏನನ್ನಿಸ್ತಿದೆ ಅಂತ ನಿಮಗೇ ಗೊಂದಲ ಆಗತ್ತಾ, ಅದನ್ನ ಹೇಳೋಕೆ ಮಾತು ಸಿಗತ್ತಾ, ಈ ಥರದ್ದು. ಅದಕ್ಕೆ ಅಲೆಕ್ಸಿಥೈಮಿಯಾ ಅಂತಾರಂತೆ, ಭಾವನೆಗೆ ಮಾತು ಇಲ್ಲದಿರೋದು ಅಂತ ಅರ್ಥ, 1970ರ ಸುಮಾರಿಗೆ ಸಿಫ್ನಿಯೋಸ್ ಅನ್ನೋ ಡಾಕ್ಟ್ರು ಗ್ರೀಕ್‌ನಿಂದ ತಗೊಂಡು ಇಟ್ಟ ಹೆಸರು. ಊಟದ ಕಾಯಿಲೆ ಇರೋರಲ್ಲಿ ಇದು ತುಂಬಾ ಕಾಣಿಸತ್ತಂತೆ. ಹಿಲ್ಡೆ ಬ್ರೂಕ್ ಅನ್ನೋ ಡಾಕ್ಟ್ರು 1962ರಲ್ಲೇ ಬರೆದಿದ್ರಂತೆ, ಈ ಹೆಣ್ಮಕ್ಕಳಿಗೆ ತಮ್ಮ ಹಸಿವೂ ಸರಿಯಾಗಿ ಗೊತ್ತಾಗಲ್ಲ, ತಮ್ಮ ಭಾವನೆನೂ ಸರಿಯಾಗಿ ಗೊತ್ತಾಗಲ್ಲ ಅಂತ. ಇದನ್ನ ಕೇಳಿ ನಂಗೆ ಮೈ ಜುಮ್ ಅಂತು. ಸಿಟ್ಟು, ಅಳು, ಸುಸ್ತು, ಹಸಿವು, ನಂಗೆ ಎಲ್ಲಾ ಒಂದೇ ಕಡೆಯಿಂದ ಒಂದೇ ಥರ ಬರ್ತಿತ್ತು, ಎಲ್ಲದಕ್ಕೂ ನಾನು ಕೊಡ್ತಿದ್ದ ಉತ್ತರ ಫ್ರಿಜ್ ಬಾಗಿಲು ತೆಗೆಯೋದು.

ಮೊದಲ ಒಂದೂವರೆ ತಿಂಗಳು ಭಾವನೆ ಗೀವನೆ ಮಾತು ಹೆಚ್ಚು ಇರ್ಲಿಲ್ಲ. ಹೊತ್ತೊತ್ತಿಗೆ ಊಟ, ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡೋ ಹಾಗಿಲ್ಲ, ಅಷ್ಟೇ. ನಂಗೆ ಬೇಜಾರಾಗಿ ಕೇಳ್ದಾಗ ಅವರು ಅಮೆರಿಕದ ಮಿನೆಸೋಟಾದಲ್ಲಿ 1944-45ರಲ್ಲಿ ಮಾಡಿದ ಪ್ರಯೋಗ ಹೇಳಿದ್ರು. ಆರೋಗ್ಯವಾಗಿದ್ದ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಾಗ ಅವರಲ್ಲಿ ಎಷ್ಟೋ ಜನ ಮಂಕಾಗಿ, ಸಿಡುಕಾಗಿ, ಯಾರ ಜೊತೆನೂ ಬೆರೀದೇ ಸದಾ ಊಟದ್ದೇ ಯೋಚನೆ ಮಾಡ್ತಿದ್ರಂತೆ. ಊಟ ಮೊದ್ಲು, ಮಾತು ಆಮೇಲೆ ತಾನಾಗೇ ಬರತ್ತೆ ಅಂದ್ರು. ನಿಜವಾಗ್ಲೂ ಬಂತು.

ಮುಖ್ಯವಾದ ವಿಷಯ ಇಲ್ಲಿದೆ. ಎರಡನೇ ತಿಂಗಳಲ್ಲಿ ಮೇಡಂ ನಿಮ್ಮಜ್ಜಿ ಬೇಜಾರಾದ್ರೆ ಏನಂತಿದ್ರು ಅಂತ ಕೇಳಿದ್ರು. ನಾನು ಯೋಚನೆ ಮಾಡ್ತಾ ಮಾಡ್ತಾ ಹೇಳ್ತಾ ಹೋದೆ, ಕರುಳು ಚುರುಕ್ ಅಂತು, ಎದೆ ಧಸಕ್ ಅಂತು, ಗಂಟಲು ಕಟ್ಕೊಂಡು ಬಂತು, ಹೊಟ್ಟೆ ಉರೀತು, ಸಂಕಟ ಆಗ್ತಿದೆ. ಪುಟ ತುಂಬೋಷ್ಟು ಬರೆದ್ಕೊಂಡ್ರು. ಮಾತಿಲ್ಲ ಅಂದ್ರಲ್ಲ, ಇಷ್ಟಿದೆಯಲ್ಲ ಅಂದ್ರು. ಸಂಕಟ ಅನ್ನೋ ಪದದ ಮೇಲೆ ಒಂದಿಡೀ ಸೆಷನ್ ಕೂತ್ವಿ. ವಾಂತಿ ಬರೋ ಹಾಗಾದ್ರೂ ಸಂಕಟ, ದುಃಖ ಆದ್ರೂ ಸಂಕಟ, ನಂಗೆ ಎರಡನೇದು ಬಂದಾಗ ನಾನು ಮೊದಲನೇದು ಮಾಡ್ಕೊಳ್ತಿದ್ದೆ ಅಂತ ಅವತ್ತು ಅರ್ಥ ಆಯ್ತು, ಐದು ವರ್ಷದಲ್ಲಿ ಮೊದಲನೇ ಸಲ ಬೇರೆಯವರೆದುರು ಅತ್ತೆ. ಮನೇಲಿ ಯಾರಾದ್ರೂ ಚುಚ್ಚಿ ಮಾತಾಡಿದ್ರೆ ಅಮ್ಮ ಹೇಳೋದು ಒಂದೇ, ದೊಡ್ಡೋರು ಕಣೆ, ಹೊಟ್ಟೆಗೆ ಹಾಕ್ಕೋ, ನುಂಗ್ಕೊಂಡ್ಬಿಡು. ಅಮ್ಮನ ತಪ್ಪಲ್ಲ, ಅವರಿಗೂ ಅವರಮ್ಮ ಅದನ್ನೇ ಹೇಳಿರ್ತಾರೆ.

ಇನ್ನೊಂದು, ನನ್ನ ಮುಖ. ಅಪ್ಪ ಐಸಿಯುನಲ್ಲಿದ್ದ ವಿಷಯ ಹೇಳ್ವಾಗ ಮೇಡಂ ಮಧ್ಯದಲ್ಲಿ ನಿಲ್ಲಿಸಿ, ನೀವು ನಗ್ತಾ ಹೇಳ್ತಿದೀರ, ಗೊತ್ತಾಗ್ತಿದೆಯಾ ಅಂದ್ರು. ಗೊತ್ತಿರ್ಲಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಅನೊರೆಕ್ಸಿಯಾ, ಅಂದ್ರೆ ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ತೀರಾ ಕಮ್ಮಿ ಮಾಡೋ ಕಾಯಿಲೆ, ಅದು ಇರೋರಿಗೆ ಸಿನಿಮಾ ತುಣುಕು ತೋರಿಸಿ ಮುಖ ಗಮನಿಸಿದ್ರಂತೆ, ಒಳಗೆ ಅನ್ಸೋದು ಬೇರೆಯವರಷ್ಟೇ ಇದ್ರೂ ಮುಖದಲ್ಲಿ ಕಾಣೋದು ಕಮ್ಮಿ ಇತ್ತಂತೆ. ನನ್ನ ಕಾಯಿಲೆ ಬೇರೆ, ಆದ್ರೂ ಕೇಳ್ದಾಗ ನನ್ನದೇ ಕಥೆ ಅನ್ಸ್ತು. ನಾಲ್ಕನೇ ತಿಂಗಳಲ್ಲಿ ತಿಪಟೂರಿಂದ ಅಮ್ಮ ಬಂದು ಒಂದು ಸೆಷನ್ ಕೂತ್ರು, ವಿಷಯ ಎಲ್ಲಾ ಕೇಳಿ ತುಂಬಾ ಹೊತ್ತು ಸುಮ್ನಿದ್ದು, "ನೀನು ಯಾವಾಗ್ಲೂ ನಗ್ತಾನೇ ಇದ್ಯಲ್ಲೇ ಪುಟ್ಟಿ, ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು" ಅಂದ್ರು.

ಕೊರತೆನೂ ಹೇಳ್ಬೇಕು. ಅಲ್ಲಿ ಡಯಟೀಷಿಯನ್ ಇಲ್ಲ, ಹೊರಗೆ ನೋಡ್ಕೋಬೇಕು. ಎರಡು ಸಲ ಅದೇ ದಿನ ಬೆಳಗ್ಗೆ ಫೋನ್ ಮಾಡಿ ಅಪಾಯಿಂಟ್ಮೆಂಟ್ ಕ್ಯಾನ್ಸಲ್ ಮಾಡಿದ್ರು, ಆ ವಾರ ನಂಗೆ ತುಂಬಾ ಕಷ್ಟ ಆಯ್ತು. ರೂಮಿನ ಗೋಡೆ ತೆಳು, ಹೊರಗೆ ಕೂತಿರೋರ ಮಾತು ಒಳಗೆ ಕೇಳಿಸತ್ತೆ, ಅಳೋ ಜಾಗದಲ್ಲಿ ಅದು ಇರಬಾರ್ದು. ಶುರು ಮಾಡೋಕೆ ಮುಂಚೆ ಫಿಸಿಷಿಯನ್ ಹತ್ರ ಬ್ಲಡ್ ಟೆಸ್ಟ್ ಮಾಡಿಸ್ಕೊಂಡೇ ಬನ್ನಿ ಅಂದಿದ್ದಕ್ಕೆ ಅವತ್ತು ಸಿಟ್ಟು ಬಂದಿತ್ತು, ಈಗ ಅದು ಸರಿ ಅಂತೀನಿ, ಪದೇ ಪದೇ ವಾಂತಿ ಆದ್ರೆ ಪೊಟ್ಯಾಸಿಯಂ ಇಳಿದು ಹೃದಯಕ್ಕೇ ತೊಂದ್ರೆ ಆಗತ್ತೆ.

ಒಂದು ಸೆಷನ್ 50 ನಿಮಿಷ, 1,200 ರೂಪಾಯಿ, ಓದ್ತಿರೋರಿಗೆ ಸ್ವಲ್ಪ ಕಮ್ಮಿ ಮಾಡ್ತಾರೆ. ಅದೂ ಕಷ್ಟ ಅನ್ನೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, 24 ಗಂಟೆನೂ ಇರತ್ತೆ, ಕನ್ನಡದಲ್ಲಿ ಮಾತಾಡ್ಬೋದು. ನಾನು ಪೂರ್ತಿ ವಾಸಿಯಾಗಿಲ್ಲ, ಹೋದ ತಿಂಗಳು ಎರಡು ಸಲ ಆಯ್ತು, ಮುಂಚೆ ದಿನಾ ಆಗ್ತಿತ್ತು. ಐದಕ್ಕೆ ನಾಲ್ಕು ಸ್ಟಾರ್.

ಈ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಮ್ಮ ಮತ್ತೆ ನನ್ನ ಮೈ ಬಗ್ಗೆ ಶುರು ಮಾಡಿದ್ರು. ಚಿಕ್ಕಮ್ಮ, ನೀವು ಹಂಗಂದ್ರೆ ನಂಗೆ ಸಂಕಟ ಆಗತ್ತೆ ಅಂದೆ, ನಗಲಿಲ್ಲ. ಅಡುಗೆಮನೆಲಿ ಯಾರೂ ಮಾತಾಡ್ಲಿಲ್ಲ, ಅಮ್ಮ ಮಾತ್ರ ಹೊಟ್ಟೆಗೆ ಹಾಕ್ಕೋ ಅನ್ನದೇ ನನ್ನ ಪಕ್ಕ ಬಂದು ಕೂತ್ರು.