ಒಂದೇ ಲ್ಯಾಂಪ್, ಆರು ಫೈಲ್: ತ್ರೀಡಿ ಮಾಡೆಲ್ ಮಾರಲು ಯಾವ ಫಾರ್ಮ್ಯಾಟ್ ವಾಸಿ?

"ಲ್ಯಾಂಪ್ ಬಂತು, ಬಣ್ಣ ಬರಲಿಲ್ಲ." ನನ್ನ ಮೊದಲ ತ್ರೀಡಿ ಮಾಡೆಲ್ ಕೊಂಡವರು ಬರೆದಿದ್ದು ಇಷ್ಟೇ. ಅದೊಂದು ಟೇಬಲ್ ಲ್ಯಾಂಪ್. 45 ಸೆಂಟಿಮೀಟರ್ ಎತ್ತರ, ಲೋಹದ ತೋಳು, ಮೂರು ಕೀಲು, ಗಾಜಿನ ಬುರುಡೆ. ಫಾರ್ಮ್ಯಾಟ್‌ಗಳ ಪಟ್ಟಿ ಉದ್ದವಿದ್ದಷ್ಟೂ ಕೊಳ್ಳುವವರು ಜಾಸ್ತಿ ಅಂದುಕೊಂಡು, ಸಿಕ್ಕಿದ್ದಕ್ಕೆಲ್ಲ ಎಕ್ಸ್‌ಪೋರ್ಟ್ ಮಾಡಿ ಮಾರಾಟಕ್ಕೆ ಇಟ್ಟಿದ್ದೆ. ಒಂದನ್ನೂ ಮತ್ತೆ ತೆರೆದು ನೋಡಿರಲಿಲ್ಲ. ಹಣ ವಾಪಸ್ ಕೊಟ್ಟೆ. ಆಮೇಲೆ ಕೂತು, ಅದೇ ಲ್ಯಾಂಪನ್ನು ಆರು ಫಾರ್ಮ್ಯಾಟ್‌ಗಳಲ್ಲಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಒಂದೊಂದನ್ನೇ ತೆರೆದು ನೋಡಿದೆ.

ಬಣ್ಣ ಬರದೇ ಇದ್ದದ್ದು ಒಬಿಜೆಯಲ್ಲಿ. ಇದು ಹಳೇ ಫಾರ್ಮ್ಯಾಟ್, ಬರೀ ಅಕ್ಷರಗಳ ಫೈಲ್, ಹೆಚ್ಚುಕಮ್ಮಿ ಎಲ್ಲ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತದೆ. ಆದರೆ ಬಣ್ಣದ ವಿವರ ಅದರೊಳಗೆ ಇರುವುದಿಲ್ಲ, ಪಕ್ಕದ ಎಂಟಿಎಲ್ ಫೈಲ್‌ನಲ್ಲಿ ಇರುತ್ತದೆ. ಆ ಎಂಟಿಎಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರ, ಎಲ್ಲಿದೆ ಎಂದು ಹೇಳುವ ಸಾಲಿನಲ್ಲಿ ನನ್ನದೇ ಕಂಪ್ಯೂಟರ್‌ನ ಫೋಲ್ಡರ್‌ಗಳ ಪೂರ್ತಿ ದಾರಿ ಕೂತಿತ್ತು! ಕೊಂಡವರ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್ ಎಲ್ಲಿಂದ ಬರಬೇಕು? ದಾರಿ ಅಳಿಸಿ ಬರೀ ಚಿತ್ರದ ಹೆಸರು ಉಳಿಸಿದೆ, ಹೆಸರಿನಲ್ಲಿದ್ದ ಖಾಲಿ ಜಾಗಗಳನ್ನೂ ತೆಗೆದೆ. ಬಣ್ಣ ಬಂತು. ಕೀಲುಗಳ ಚಲನೆ ಮಾತ್ರ ಬರಲಿಲ್ಲ, ಒಬಿಜೆಗೆ ಅನಿಮೇಷನ್ ಗೊತ್ತೇ ಇಲ್ಲ.

ಎರಡನೆಯದಾದ ಎಫ್‌ಬಿಎಕ್ಸ್ ಫಾರ್ಮ್ಯಾಟ್‌ನಲ್ಲಿ ಕೀಲುಗಳು ಸರಿಯಾಗಿ ಬಂದವು. ಕೆಳಗಿನ ತೋಳು ತಿರುಗಿಸಿದರೆ ಮೇಲಿನದೂ ಜೊತೆಗೆ ತಿರುಗಿತು. ಆದರೆ ಗೇಮ್ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ನೋಡಿದರೆ ಸ್ಕೇಲ್ ಜಾಗದಲ್ಲಿ 100 ಅಂತ ಬರೆದಿತ್ತು, ಮೈನಸ್ 90 ಡಿಗ್ರಿ ತಿರುವು ಬೇರೆ. ನಾನು ಮಾಡೆಲ್ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರ್ ಲೆಕ್ಕ ಹಾಕುವುದು ಮೀಟರ್‌ನಲ್ಲಿ, ಎಫ್‌ಬಿಎಕ್ಸ್ ಸಾಮಾನ್ಯವಾಗಿ ಸೆಂಟಿಮೀಟರ್‌ನಲ್ಲಿ. ಬ್ಲೆಂಡರ್‌ಗೆ ಜಡ್ ಅಕ್ಷ ಮೇಲ್ಮುಖ, ಆ ಎಂಜಿನ್‌ಗೆ ವೈ ಅಕ್ಷ. ಎಕ್ಸ್‌ಪೋರ್ಟ್ ಸೆಟ್ಟಿಂಗ್ ಬದಲಿಸಿ ಸರಿಮಾಡಲು ಒಂದು ಸಂಜೆ ಹಿಡಿಯಿತು.

ಇದರಲ್ಲೇ ಇನ್ನೊಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ತೋಳಿನ ಸ್ಕ್ರೂ ತಲೆಯ ಗೀರು ಒಂದು ಎಂಜಿನ್‌ನಲ್ಲಿ ತಗ್ಗಾಗಿ ಕಂಡರೆ ಇನ್ನೊಂದರಲ್ಲಿ ಉಬ್ಬಾಗಿ ಕಂಡಿತು. ತಪ್ಪು ಮಾಡೆಲ್‌ನದಲ್ಲ. ನಾರ್ಮಲ್ ಮ್ಯಾಪ್‌ನಲ್ಲಿ (ಮೇಲ್ಮೈಯ ತಗ್ಗು-ಉಬ್ಬನ್ನು ಬಣ್ಣದಲ್ಲಿ ಬರೆದಿಡುವ ಚಿತ್ರ) ಓಪನ್‌ಜಿಎಲ್, ಡೈರೆಕ್ಟ್‌ಎಕ್ಸ್ ಎಂದು ಎರಡು ಪದ್ಧತಿ ಇವೆ, ಚಿತ್ರದ ಹಸಿರು ಚಾನೆಲ್ (ಹಸಿರು ಬಣ್ಣದ ಭಾಗ) ಒಂದಕ್ಕೊಂದು ಉಲ್ಟಾ. ಈಗ ಎರಡನ್ನೂ ಹೆಸರು ಬರೆದು ಕೊಡುತ್ತೇನೆ.

ಜಿಎಲ್‌ಬಿ ನನಗೆ ತುಂಬಾ ಹಿಡಿಸಿತು. ಇದು 2017ರಲ್ಲಿ ಬಂದ ಜಿಎಲ್‌ಟಿಎಫ್ 2.0 ಎಂಬ ಫಾರ್ಮ್ಯಾಟ್‌ನ ಒಂದೇ ಫೈಲಿನ ರೂಪ. ಆಕಾರ, ಟೆಕ್ಸ್ಚರ್, ಅನಿಮೇಷನ್ ಎಲ್ಲ ಒಳಗೇ ಇರುತ್ತವೆ. ಅಳತೆ ಮೀಟರ್, ವೈ ಮೇಲ್ಮುಖ ಎಂದು ನಿಯಮದಲ್ಲೇ ಬರೆದಿದೆ, ಹಾಗಾಗಿ ಗೊಂದಲಕ್ಕೆ ಜಾಗವೇ ಇಲ್ಲ. ಬ್ರೌಸರ್‌ನಲ್ಲಿ ತೆರೆದ ವ್ಯೂವರ್‌ಗೆ (ಮಾಡೆಲ್ ತೋರಿಸುವ ಪುಟ) ಎಳೆದು ಹಾಕಿದ ತಕ್ಷಣ ಲೋಹದ ಹೊಳಪಿನ ಸಮೇತ ಲ್ಯಾಂಪ್ ಎದುರಿಗಿತ್ತು. ಬುರುಡೆ ಮಾತ್ರ ಒಂದು ವ್ಯೂವರ್‌ನಲ್ಲಿ ಗಾಜಿನಂತೆ ಕಾಣಲಿಲ್ಲ. ಗಾಜಿನ ಗುಣ ಮೂಲ ಫಾರ್ಮ್ಯಾಟ್‌ನಲ್ಲಿ ಇಲ್ಲ, ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೇರ್ಪಡೆ) ಆಗಿ ಬರುತ್ತದೆ. ಅದನ್ನು ಎಲ್ಲ ವ್ಯೂವರ್‌ಗಳೂ ಓದುವುದಿಲ್ಲ.

ಹಾಗಾದರೆ ಜಿಎಲ್‌ಬಿ ಒಂದೇ ಸಾಕಲ್ವಾ? ಸಾಲದು. ಅದು ಮಾಡೆಲ್ಲನ್ನು ಪೂರ್ತಿ ತ್ರಿಕೋನಗಳಾಗಿ ಒಡೆದುಬಿಡುತ್ತದೆ. ನಾನು ಜೋಪಾನವಾಗಿ ನಾಲ್ಕು ಮೂಲೆಯ ಮುಖಗಳಲ್ಲಿ ಕಟ್ಟಿದ್ದ ಬುರುಡೆ, ತೆರೆದು ನೋಡಿದರೆ ಅಡ್ಡಗೆರೆಗಳಿಂದ ತುಂಬಿತ್ತು. ಸುಮ್ನೆ ತೋರಿಸುವವರಿಗೆ ಇದರಿಂದ ತೊಂದರೆ ಇಲ್ಲ. ಆಕಾರ ತಿದ್ದಬೇಕಾದವರಿಗೆ ದೊಡ್ಡ ಕಿರಿಕಿರಿ. ಅಂಥವರಿಗೆ ಎಫ್‌ಬಿಎಕ್ಸ್, ಒಬಿಜೆ ವಾಸಿ, ಅವು ನಾಲ್ಕು ಮೂಲೆಯ ಮುಖಗಳನ್ನು ಹಾಗೇ ಉಳಿಸುತ್ತವೆ.

ಎಸ್‌ಟಿಎಲ್ ತ್ರೀಡಿ ಪ್ರಿಂಟಿಂಗ್‌ನವರ ಫಾರ್ಮ್ಯಾಟ್. 1987ರಿಂದ ಇದೆ. ಬಣ್ಣವಿಲ್ಲ, ಟೆಕ್ಸ್ಚರ್ ಇಲ್ಲ, ಅಳತೆಯ ಮಾನವೂ ಇಲ್ಲ. ನನ್ನ ಫೈಲ್‌ನಲ್ಲಿ ಎತ್ತರ 0.45 ಎಂದಿತ್ತು, ಸ್ಲೈಸರ್ (ಪ್ರಿಂಟರ್‌ಗಾಗಿ ಮಾಡೆಲ್ಲನ್ನು ಪದರಗಳಾಗಿ ಸೀಳುವ ಸಾಫ್ಟ್‌ವೇರ್) ಅದನ್ನು ಮಿಲಿಮೀಟರ್ ಎಂದು ಓದಿತು. ಲ್ಯಾಂಪ್ ಸಾಸಿವೆ ಕಾಳಿಗಿಂತ ಚಿಕ್ಕದಾಯಿತು. ಸಾವಿರ ಪಟ್ಟು ಹಿಗ್ಗಿಸಿದ ಮೇಲೆ ಅಸಲು ತೊಂದರೆ ಗೊತ್ತಾಯಿತು: ಬುರುಡೆಗೆ ದಪ್ಪವೇ ಇರಲಿಲ್ಲ. ಚಿತ್ರಕ್ಕೆ ಒಂದು ಪದರ ಸಾಕು, ಪ್ರಿಂಟ್‌ಗೆ ಸಾಲದು. ದಪ್ಪ ಕೊಟ್ಟು, ಬಿಟ್ಟುಹೋದ ಅಂಚುಗಳನ್ನು ಮುಚ್ಚಿ, ಕೀಲುಗಳನ್ನು ಬಿಡಿಬಿಡಿ ಮಾಡಿದಾಗ ಅದು ಬೇರೆ ಮಾಡೆಲ್ಲೇ ಆಗಿತ್ತು. ಆದ್ದರಿಂದ ಪ್ರಿಂಟ್‌ಗೆಂದು ತಯಾರು ಮಾಡದ ಮಾಡೆಲ್‌ಗೆ ಎಸ್‌ಟಿಎಲ್ ಸೇರಿಸಿ ಮಾರುವುದು ಕೊಂಡವರಿಗೆ ಮಾಡುವ ಮೋಸ ಎಂದೇ ನಾನು ಭಾವಿಸುತ್ತೇನೆ.

ಪ್ರಿಂಟಿಂಗ್‌ನ ಇನ್ನೊಂದು ಫಾರ್ಮ್ಯಾಟ್ ಆದ 3ಎಂಎಫ್ ಅನ್ನು ಸ್ಲೈಸರ್‌ನಿಂದಲೇ ಉಳಿಸಿದೆ. ಅಳತೆಯ ಮಾನ ಫೈಲ್‌ನಲ್ಲೇ ಇರುವುದರಿಂದ ಆ ಸಾಸಿವೆಯ ಕಥೆ ಮತ್ತೆ ನಡೆಯಲಿಲ್ಲ. ಒಳಗೆ ಜಿಪ್ ಆಗಿರುವುದರಿಂದ ಗಾತ್ರವೂ ಎಸ್‌ಟಿಎಲ್‌ಗಿಂತ ಕಡಿಮೆ ಬಂತು.

ಕೊನೆಯದು ಬ್ಲೆಂಡರ್‌ನ ಮೂಲ ಬ್ಲೆಂಡ್ ಫೈಲ್. ಆಕಾರ ಬದಲಿಸುವ ಮಾಡಿಫೈಯರ್‌ಗಳು, ಬಣ್ಣ-ಹೊಳಪು ಕಟ್ಟುವ ನೋಡ್‌ಗಳು ಹಾಗೇ ಉಳಿಯುವುದು ಇದರಲ್ಲಿ ಮಾತ್ರ. ಟೆಕ್ಸ್ಚರ್‌ಗಳನ್ನು ಒಳಗೆ ಪ್ಯಾಕ್ ಮಾಡುವುದು ಮರೆತರೆ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಯಾವ ಆವೃತ್ತಿಯಲ್ಲಿ ಮಾಡಿದ್ದು ಎಂದು ಬರೆಯಲೇಬೇಕು.

ಈಗ ನಾನು ಮಾರುವುದು ಮೂರೇ: ಜಿಎಲ್‌ಬಿ, ಎಫ್‌ಬಿಎಕ್ಸ್, ಬ್ಲೆಂಡ್. ಒಬಿಜೆ ಬೇಕೆಂದು ಕೇಳಿದವರಿಗೆ ಮಾಡಿ ಕಳಿಸುತ್ತೇನೆ. ಪ್ರಿಂಟ್‌ನ ಲ್ಯಾಂಪನ್ನು 3ಎಂಎಫ್ ಮತ್ತು ಎಸ್‌ಟಿಎಲ್‌ನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಒಂದು ಸ್ಕ್ರೂ ತಿದ್ದಿದರೂ ಎಲ್ಲ ಫೈಲ್ ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಮತ್ತೆ ತೆರೆದು ನೋಡಬೇಕು. ಮೂರಾದರೆ ಅದನ್ನು ತಪ್ಪದೆ ಮಾಡಬಹುದು. ವಿವರಣೆಯಲ್ಲಿ ಪ್ರತಿ ಫೈಲ್‌ಗೂ ಒಂದು ಸಾಲು ಇದೆ. ಜಿಎಲ್‌ಬಿಯ ಮುಂದೆ ಹೀಗೆ ಬರೆದಿದ್ದೇನೆ: "ಪೂರ್ತಿ ತ್ರಿಕೋನಗಳು, ಟೆಕ್ಸ್ಚರ್ ಒಳಗಿದೆ, ಕೆಲವು ವ್ಯೂವರ್‌ಗಳಲ್ಲಿ ಬುರುಡೆ ಗಾಜಿನಂತೆ ಕಾಣದು."